ಖಾಲಿಯಾದ ಜಾಗ: ರಾಕ್ ತಂಡಕ್ಕೆ ಹೊಸ ಗಿಟಾರು ವಾದಕನನ್ನು ಆರಿಸುವ ಬಗೆ

(ಸಂಘದ ಉಚಿತ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಕೂಟದಲ್ಲಿ ಮಾತನಾಡುವವರು ವಚನಗಳನ್ನೋ ಕುಮಾರವ್ಯಾಸನನ್ನೋ ಎತ್ತಿಕೊಳ್ಳುವುದು ವಾಡಿಕೆ. ಈ ದಿನ ನಾವು ಎತ್ತಿಕೊಂಡಿರುವುದು ಗಿಟಾರು. ಹಿರಿಯರು ಹುಬ್ಬೇರಿಸಬಾರದಾಗಿ ಪ್ರಾರ್ಥನೆ. ಕಾರಣವನ್ನು ಮೊದಲೇ ಅರಿಕೆ ಮಾಡಿಬಿಡುತ್ತೇವೆ.

ನಮ್ಮ ಸಂಘದ ಐವರು ತರುಣರು ಕಟ್ಟಿಕೊಂಡ ರಾಕ್ ತಂಡ ತಮಗೆಲ್ಲ ಗೊತ್ತೇ ಇದೆ. ಅವರಲ್ಲಿ ಗಿಟಾರು ನುಡಿಸುತ್ತಿದ್ದ ಒಬ್ಬನಿಗೆ ನಾಗಪುರಕ್ಕೆ ವರ್ಗವಾಯಿತು. ಉಳಿದ ನಾಲ್ವರು ನಮ್ಮ ಸೂಚನಾ ಫಲಕದಲ್ಲಿ ಒಂದು ಚೀಟಿ ಅಂಟಿಸಿದರು. ಆ ಜಾಗಕ್ಕೆ ಐದು ಮಂದಿ ಬರಲಿದ್ದಾರೆ. ಮುಂದಿನ ಭಾನುವಾರ ಪರೀಕ್ಷೆ. ಐವರಲ್ಲಿ ಇಬ್ಬರಿಗೆ ಕನ್ನಡ ಬಾರದು. ಇದರಿಂದ ಎರಡು ಪ್ರಶ್ನೆಗಳು ಎದ್ದಿವೆ. ಯಾರು ಚೆನ್ನಾಗಿ ನುಡಿಸುತ್ತಾರೆಂದು ತಿಳಿಯುವುದು ಹೇಗೆ, ಎಂಬುದು ಒಂದು. ನಮ್ಮವನಲ್ಲದವನನ್ನು ನಮ್ಮ ತಂಡಕ್ಕೆ ಸೇರಿಸಿಕೊಳ್ಳಬಹುದೇ, ಎಂಬುದು ಇನ್ನೊಂದು. ಮೊದಲನೆಯದು ಸಂಗೀತದ ಪ್ರಶ್ನೆ. ಎರಡನೆಯದು ನಮ್ಮೆಲ್ಲರ ಪ್ರಶ್ನೆ. ಆದ್ದರಿಂದಲೇ ಇದನ್ನು ಸಭೆಯ ಮುಂದೆ ತಂದಿದ್ದೇವೆ.

ಗಿಟಾರಿನ ಪರಿಚಯವಿಲ್ಲದ ಹಿರಿಯರಿಗಾಗಿ ಎರಡು ಮಾತು. ರಾಕ್ ತಂಡದಲ್ಲಿ ಸಾಮಾನ್ಯವಾಗಿ ಒಬ್ಬ ಹಾಡುಗಾರ, ಒಬ್ಬ ಡ್ರಮ್ ಬಾರಿಸುವವ, ದಪ್ಪ ತಂತಿಗಳ ಬೇಸ್ ಗಿಟಾರಿನವನೊಬ್ಬ, ಮತ್ತು ಆರು ತಂತಿಯ ಗಿಟಾರಿನವರು ಒಬ್ಬರೋ ಇಬ್ಬರೋ ಇರುತ್ತಾರೆ. ಇಬ್ಬರಿದ್ದರೆ ಒಬ್ಬನು ಹಲವು ತಂತಿಗಳನ್ನು ಒಟ್ಟಿಗೆ ಮೀಟಿ ಸ್ವರಗಳ ಗೊಂಚಲನ್ನು ಹೊರಡಿಸುತ್ತ ಲಯವನ್ನು ಹಿಡಿದಿರುತ್ತಾನೆ. ಈ ಗೊಂಚಲಿಗೆ ಕಾರ್ಡು ಎಂದು ಹೆಸರು. ಇನ್ನೊಬ್ಬನು ಅದರ ಮೇಲೆ ಒಂದೊಂದೇ ಸ್ವರವಾಗಿ ಗತ್ತು ನುಡಿಸುತ್ತಾನೆ. ಕೇಳುವವರ ಕಣ್ಣು ಈ ಎರಡನೆಯವನ ಮೇಲೆ. ಆದರೆ ಮನೆ ನಿಂತಿರುವುದು ಮೊದಲನೆಯವನ ಕಂಬಗಳ ಮೇಲೆ. ನಮ್ಮ ಯಕ್ಷಗಾನದಲ್ಲಿ ಭಾಗವತರ ಹಾಡಿಗೆ ಮದ್ದಳೆಯವರು ಹೇಗೋ ಹಾಗೆ.

ಇನ್ನು ಒಂದು ನಿಜವಾದ ಕಥೆಗೆ ಬರೋಣ. ಲಂಡನ್ನಿನಲ್ಲಿ 1962ರಲ್ಲಿ ಹುಟ್ಟಿದ ರೋಲಿಂಗ್ ಸ್ಟೋನ್ಸ್ ಎಂಬ ತಂಡದ ಹೆಸರನ್ನು ತರುಣರೆಲ್ಲ ಕೇಳಿದ್ದೀರಿ. ನಮ್ಮ ಕಥೆಯ ಕಾಲಕ್ಕೆ ಮಿಕ್ ಜ್ಯಾಗರ್ ಹಾಡುಗಾರರು, ಕೀತ್ ರಿಚರ್ಡ್ಸ್ ಗಿಟಾರಿನವರು, ಬಿಲ್ ವೈಮನ್ ಬೇಸ್, ಚಾರ್ಲಿ ವಾಟ್ಸ್ ಡ್ರಮ್. ಎರಡನೆಯ ಗಿಟಾರಿನ ಜಾಗಕ್ಕೆ 1969ರಲ್ಲಿ ಮಿಕ್ ಟೇಲರ್ ಎಂಬ ಇಪ್ಪತ್ತು ವರ್ಷದ ತರುಣರು ಬಂದಿದ್ದರು. ಬಹಳ ಇಂಪಾದ ಕೈ ಅವರದು. 1974ರ ಡಿಸೆಂಬರಿನಲ್ಲಿ ಅವರು ತಂಡವನ್ನು ಬಿಟ್ಟರು. ಹೊಸ ಧ್ವನಿಮುದ್ರಿಕೆಯ ಕೆಲಸ ಶುರುವಾಗಿತ್ತು. ಮುಂದಿನ ಬೇಸಿಗೆಗೆ ಅಮೆರಿಕೆಯ ಪ್ರವಾಸವೂ ಇತ್ತು. ಜಾಗ ಮಾತ್ರ ಖಾಲಿ.

ಅವರು ಮಾಡಿದ ಉಪಾಯವನ್ನು ಗಮನಿಸಬೇಕು. ಪರೀಕ್ಷೆಗೆಂದು ಬೇರೆ ದಿನ ಗೊತ್ತುಮಾಡಲಿಲ್ಲ. ಮುದ್ರಣದ ಕೆಲಸವನ್ನೇ ಪರೀಕ್ಷೆಯನ್ನಾಗಿ ಮಾಡಿಕೊಂಡರು. 1975ರ ಜನವರಿ, ಫೆಬ್ರವರಿಯಲ್ಲಿ ಹಾಲೆಂಡಿನ ರಾಟರ್‌ಡ್ಯಾಮಿನಲ್ಲಿ, ಆಮೇಲೆ ಜರ್ಮನಿಯ ಮ್ಯೂನಿಕ್ಕಿನಲ್ಲಿ, ಒಬ್ಬೊಬ್ಬರೇ ಬಂದು ಇವರೊಡನೆ ಕುಳಿತು ನುಡಿಸಿದರು. ಬಂದವರು ಸಾಮಾನ್ಯರಲ್ಲ. ಐರ್ಲೆಂಡಿನ ರೋರಿ ಗ್ಯಾಲಹರ್ ಬಂದರು. ಅವರಿಗೆ ತಮ್ಮದೇ ಜಪಾನ್ ಪ್ರವಾಸ ಮೊದಲೇ ಗೊತ್ತಾಗಿದ್ದುದರಿಂದ ಹೊರಟುಹೋದರು. ಜೆಫ್ ಬೆಕ್ ಬಂದರು. ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಅವರಷ್ಟು ಬೆರಗುಗೊಳಿಸುವ ಗಿಟಾರಿನವರು ವಿರಳ. ಅದೇ 1975ರಲ್ಲಿ ಹಾಡೇ ಇಲ್ಲದೆ ಬರೀ ವಾದ್ಯದ ಒಂದು ಮುದ್ರಿಕೆಯನ್ನು ಹೊರತಂದು ಜನರನ್ನು ಮೆಚ್ಚಿಸಿದವರು. ಅವರೂ ನಿಲ್ಲಲಿಲ್ಲ. ಅಮೆರಿಕೆಯಿಂದ ಹಾರ್ವೆ ಮ್ಯಾಂಡಲ್ ಬಂದರು, ಅಲಬಾಮದ ವೇಯ್ನ್ ಪರ್ಕಿನ್ಸ್ ಬಂದರು. ಕಡೆಗೆ, ಫೇಸಸ್ ಎಂಬ ಇನ್ನೊಂದು ತಂಡದಲ್ಲಿದ್ದ ರಾನಿ ವುಡ್ ಬಂದರು.

ಆಯ್ಕೆಯಾದವರು ರಾನಿ ವುಡ್. ಅವರೇ ಎಲ್ಲರಿಗಿಂತ ಮೇಲಾದ ವಾದಕರೇ ಎಂದು ಕೇಳಿದರೆ, ಹೌದೆನ್ನುವವರು ಬಹಳ ಮಂದಿ ಸಿಕ್ಕಲಾರರು. ಬೆರಳಿನ ಚಮತ್ಕಾರವನ್ನೇ ತೂಗುವುದಾದರೆ ಜೆಫ್ ಬೆಕ್ ಮೇಲು. ಇಂಪನ್ನು ತೂಗುವುದಾದರೆ, ಬಿಟ್ಟುಹೋದ ಟೇಲರ್ ಮೇಲು. ಹಾಗಾದರೆ ವುಡ್ ಅವರಲ್ಲಿ ಕಂಡದ್ದೇನು?

ಕೀತ್ ರಿಚರ್ಡ್ಸ್ ತಮ್ಮ ವಾದನದ ಬಗ್ಗೆ ಹೇಳುವಾಗಲೆಲ್ಲ ನೇಯ್ಗೆ ಎಂಬ ಮಾತನ್ನು ಬಳಸುತ್ತ ಬಂದಿದ್ದಾರೆ. ಎರಡು ಗಿಟಾರುಗಳಲ್ಲಿ ಒಂದು ಯಜಮಾನ, ಒಂದು ಆಳು ಎಂಬಂತಿರದೆ, ಒಂದರ ಸಂದಿನಲ್ಲಿ ಇನ್ನೊಂದು ನುಸುಳಿ, ಯಾವುದು ಯಾರ ಕೈಯೆಂದು ಕೇಳುವವರಿಗೆ ತಿಳಿಯದಂತೆ ಹೆಣೆದುಕೊಳ್ಳಬೇಕು ಎಂಬುದು ಅವರ ಆಸೆ. ಟೇಲರ್ ಇದ್ದ ಕಾಲದಲ್ಲಿ ಕೆಲಸ ಪಾಲಾಗಿತ್ತು: ರಿಚರ್ಡ್ಸ್ ಲಯ ಹಿಡಿಯುವುದು, ಟೇಲರ್ ಮೇಲೆ ಗತ್ತು ಹರಿಸುವುದು. ವುಡ್ ಬಂದಮೇಲೆ ಆ ಗೆರೆ ಅಳಿಸಿಹೋಯಿತು. ಗಿರಣಿಯಲ್ಲಿ ಮಗ್ಗ ನಡೆಸಿದ ಹಿರಿಯರು ಈ ಸಭೆಯಲ್ಲಿದ್ದಾರೆ. ಅವರಿಗೆ ನಾವು ವಿವರಿಸಬೇಕಾಗಿಲ್ಲ. ಹಾಸಿನ ನೂಲು ಎಷ್ಟು ನುಣುಪಾಗಿದ್ದರೂ ಹೊಕ್ಕಿನ ನೂಲು ಸೇರದೆ ಬಟ್ಟೆಯಾಗದು.

ಮೊದಲ ಪಾಠ ಇದು. ತರುಣರೇ, ನಾಗಪುರಕ್ಕೆ ಹೋದ ಗೆಳೆಯನ ಪಡಿಯಚ್ಚನ್ನು ಹುಡುಕಬೇಡಿ. ಅವನಂಥವನು ಇನ್ನೊಬ್ಬ ಸಿಕ್ಕುವುದಿಲ್ಲ. ಸಿಕ್ಕಿದರೂ ದಿನವೂ ಹೋಲಿಕೆಯ ಮಾತೇ ಆದೀತು. ಜಾಗ ಖಾಲಿಯಾದಾಗ ಉಳಿದ ನಾಲ್ವರು ಕುಳಿತು ಮೊದಲು ಕೇಳಿಕೊಳ್ಳಬೇಕಾದ್ದು, ನಮಗೆ ಈಗ ಬೇಕಾಗಿರುವುದೇನು ಎಂಬುದನ್ನು. ಅದು ಗೊತ್ತಿಲ್ಲದೆ ಐದು ಜನರನ್ನು ಕರೆಯುವುದು, ಚೀಟಿ ಬರೆಯದೆ ಪೇಟೆಗೆ ಹೋದ ಹಾಗೆ. ಕಣ್ಣಿಗೆ ಹೊಳೆದದ್ದನ್ನೆಲ್ಲ ತಂದು, ಉಪ್ಪನ್ನು ಮರೆತು ಬರುತ್ತೇವೆ.

ಇನ್ನು ಕಷ್ಟದ ಪ್ರಶ್ನೆ. ಕಡೆಯಲ್ಲಿ ಉಳಿದವರು ಇಬ್ಬರು, ಅಲಬಾಮದ ಪರ್ಕಿನ್ಸ್ ಮತ್ತು ಲಂಡನ್ನಿನ ವುಡ್. ಪರ್ಕಿನ್ಸ್ ಅವರನ್ನು ತಾವು ಬಹಳ ಮೆಚ್ಚಿದ್ದಾಗಿ ರಿಚರ್ಡ್ಸ್ 2010ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಹೇಳಿದ್ದಾರೆ. ಆದರೆ ಕೊನೆಗೆ ತೂಕ ವಾಲಿದ್ದು ವಾದನದಿಂದಲ್ಲ, ವುಡ್ ಇಂಗ್ಲಿಷಿನವರು ಎಂಬುದರಿಂದ. ನಮ್ಮದು ಇಂಗ್ಲಿಷ್ ತಂಡ ಎಂಬ ಭಾವನೆಯಿಂದ. ಇದನ್ನು ಅವರು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತಾರೆ.

ಇದನ್ನು ಓದಿದವರು ತಟ್ಟನೆ ಹೇಳಬಹುದು: "ನೋಡಿ, ಅಷ್ಟು ದೊಡ್ಡವರೇ ತಮ್ಮವನನ್ನು ಆರಿಸಿಕೊಂಡರು. ನಾವೂ ಕನ್ನಡದವನನ್ನೇ ಆರಿಸಿಕೊಂಡರೆ ತಪ್ಪೇನು?" ಈ ಮಾತನ್ನು ತಳ್ಳಿಹಾಕುವಂತಿಲ್ಲ. ಪ್ರವಾಸದಲ್ಲಿ ತಿಂಗಳುಗಟ್ಟಲೆ ಒಂದೇ ಗಾಡಿಯಲ್ಲಿ, ಒಂದೇ ಕೋಣೆಯಲ್ಲಿ ಇರಬೇಕಾದವರಿಗೆ ಒಂದೇ ತಮಾಷೆಗೆ ನಗುವುದು ಸಣ್ಣ ಸಂಗತಿಯಲ್ಲ. ಅರ್ಧ ಮಾತಿನಲ್ಲಿ ಅರ್ಥವಾಗುವ ಸುಖ ಎಂಥದೆಂದು ಪರಊರಿನಲ್ಲಿರುವ ನಮಗಿಂತ ಚೆನ್ನಾಗಿ ಯಾರು ಬಲ್ಲರು? ವಾರವೆಲ್ಲ ಬೇರೆ ಭಾಷೆಯಲ್ಲಿ ಲೆಕ್ಕ ಬರೆದು, ಭಾನುವಾರ ಈ ಮೆಟ್ಟಿಲು ಹತ್ತುವುದೇ ಅದಕ್ಕಾಗಿ.

ಆದರೆ ಕಥೆಯ ಇನ್ನೊಂದು ಮಗ್ಗುಲನ್ನೂ ನೋಡಬೇಕು. ಆ ಮುದ್ರಿಕೆ ಬ್ಲ್ಯಾಕ್ ಅಂಡ್ ಬ್ಲೂ ಎಂಬ ಹೆಸರಿನಿಂದ 1976ರ ಏಪ್ರಿಲ್‌ನಲ್ಲಿ ಹೊರಬಂದಾಗ ಅದರಲ್ಲಿದ್ದ ಎಂಟು ಹಾಡುಗಳ ಪೈಕಿ ಮೂರರಲ್ಲಿ ಪರ್ಕಿನ್ಸ್ ಅವರ ಗಿಟಾರು ಇತ್ತು, ಎರಡರಲ್ಲಿ ಮ್ಯಾಂಡಲ್ ಅವರದು. ಆರಿಸಿಕೊಳ್ಳಲಿಲ್ಲವೆಂದು ಅವರ ನುಡಿಸಿಕೆಯನ್ನು ಅಳಿಸಲಿಲ್ಲ, ಹೆಸರನ್ನೂ ಮರೆಮಾಡಲಿಲ್ಲ. ಇಷ್ಟೇ ಅಲ್ಲ. ಈ ಇಂಗ್ಲಿಷ್ ತಂಡ ನುಡಿಸುತ್ತಿದ್ದ ಸಂಗೀತವಾದರೂ ಎಲ್ಲಿಯದು? ಅಮೆರಿಕೆಯ ಕಪ್ಪು ಜನರ ಬ್ಲೂಸ್ ಸಂಗೀತ. ತಂಡದ ಹೆಸರನ್ನೇ ಚಿಕಾಗೋ ನಗರದ ಮಡಿ ವಾಟರ್ಸ್ ಅವರ ಹಾಡಿನಿಂದ ತೆಗೆದುಕೊಂಡದ್ದು. ಆ ವಾಟರ್ಸ್ ಅವರೂ ಮಿಸಿಸಿಪಿಯ ಹತ್ತಿಹೊಲಗಳ ಸೀಮೆಯಿಂದ 1943ರಲ್ಲಿ ಕೆಲಸ ಹುಡುಕಿಕೊಂಡು ಚಿಕಾಗೋಗೆ ಬಂದವರು. ನಮ್ಮ ಹಾಗೆಯೇ ವಲಸೆಗಾರರು. ಪರರ ಹಾಡನ್ನು ಕಲಿತು ತಮ್ಮದಾಗಿ ಮಾಡಿಕೊಂಡವರು, ನುಡಿಸುವವನು ಮಾತ್ರ ನಮ್ಮೂರಿನವನೇ ಆಗಬೇಕೆಂದರೆ ಅದು ಪೂರಾ ನ್ಯಾಯವೆನಿಸದು.

ನಮ್ಮ ಮಟ್ಟಿಗೆ ಹೇಳುವುದಾದರೆ, ಈ ನಗರದಲ್ಲಿ ನಮ್ಮಲ್ಲಿ ಪ್ರತಿಯೊಬ್ಬನೂ ಯಾವುದೋ ಒಂದು ಮೇಜಿನ ಮುಂದೆ, ಭಾಷೆ ಸರಿಯಾಗಿ ಬಾರದೆ, ಊರಿನ ಹೆಸರು ಹೇಳಿಕೊಂಡು ನಿಂತವನೇ. ಎದುರಿಗಿದ್ದವರು ನಮ್ಮವನಲ್ಲ ಎಂದು ಕಾಗದವನ್ನು ಪಕ್ಕಕ್ಕಿಟ್ಟ ದಿನವೂ ಉಂಟು, ಕೆಲಸ ಬರುತ್ತದೆಯೋ ನೋಡೋಣ ಎಂದು ಕುರ್ಚಿ ತೋರಿಸಿದ ದಿನವೂ ಉಂಟು. ನಾವು ಇಂದು ಇಲ್ಲಿರುವುದು ಆ ಎರಡನೆಯವರಿಂದ. ಹೀಗಿರುವಾಗ, ಗಿಟಾರು ಹೆಗಲಿಗೇರಿಸಿಕೊಂಡು ಬಂದ ಹುಡುಗನಿಗೆ ಕನ್ನಡ ಬಾರದು ಎಂಬ ಒಂದೇ ಕಾರಣಕ್ಕೆ ಬಾಗಿಲು ಮುಚ್ಚುವ ಹಕ್ಕು ನಮಗಿಲ್ಲವೆಂದು ನಮ್ಮ ಅಭಿಪ್ರಾಯ. ನಾಲ್ಕು ಹಾಡಿನ ಕನ್ನಡವನ್ನು ನಾಲ್ಕು ತಿಂಗಳಲ್ಲಿ ಕಲಿಸಬಹುದು. ಬೇರೆಯವರ ವಾದನಕ್ಕೆ ಕಿವಿಗೊಡುವ ಗುಣವನ್ನು ಅಷ್ಟು ಸುಲಭವಾಗಿ ಕಲಿಸಲಾಗದು.

ಹಾಗಾದರೆ ಆ ಗುಣವನ್ನು ಕಂಡುಹಿಡಿಯುವುದು ಹೇಗೆ? ಇದಕ್ಕೂ ಕೆಲವು ಉದಾಹರಣೆಗಳಿವೆ.

ಲಿವರ್‌ಪೂಲಿನಲ್ಲಿ 1958ರ ಸುಮಾರಿಗೆ, ಮುಂದೆ ಬೀಟಲ್ಸ್ ಎಂದು ಹೆಸರಾದ ತಂಡಕ್ಕೆ ಜಾರ್ಜ್ ಹ್ಯಾರಿಸನ್ ಸೇರಿದ್ದು ಬಸ್ಸಿನ ಮೇಲಂತಸ್ತಿನಲ್ಲಿ. ಅವರಿಗಾಗ ಹೆಚ್ಚೆಂದರೆ ಹದಿನೈದು ವರ್ಷ. ಶಾಲೆಯ ಬಸ್ಸಿನಲ್ಲಿ ಪರಿಚಯವಾಗಿದ್ದ ಪಾಲ್ ಮೆಕಾರ್ಟ್ನಿ ಇವರನ್ನು ಕರೆತಂದರು. ಇಷ್ಟು ಎಳೆಯ ಹುಡುಗ ಬೇಡವೆಂಬುದು ಜಾನ್ ಲೆನನ್ ಅವರ ಮನಸ್ಸು. ಆದರೆ ಆಗ ಜನಪ್ರಿಯವಾಗಿದ್ದ ಒಂದು ವಾದ್ಯಗತ್ತನ್ನು ಹುಡುಗ ಬಸ್ಸಿನಲ್ಲೇ ಚೊಕ್ಕಟವಾಗಿ ನುಡಿಸಿ ತೋರಿಸಿದಮೇಲೆ ವಯಸ್ಸಿನ ಮಾತು ಹಿಂದೆ ಬಿತ್ತು. ಮುಖ ನೋಡಿ ಮಾಡಿಕೊಂಡ ತೀರ್ಪನ್ನು ಕಿವಿ ತಿದ್ದಿತು.

ನ್ಯೂಯಾರ್ಕಿನ ಕಿಸ್ ತಂಡದ ಕಥೆ ಇನ್ನೂ ಸ್ವಾರಸ್ಯವಾದದ್ದು. ಅವರು 1972ರ ಕೊನೆಯಲ್ಲಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ಗಿಟಾರಿನವರನ್ನು ಕರೆದರು. ಬಂದವರಲ್ಲಿ ಏಸ್ ಫ್ರೇಲಿ ಎಂಬವರು ಕಾಲಿಗೆ ಹಾಕಿದ್ದ ಜೋಡುಗಳಲ್ಲಿ ಒಂದು ಕೆಂಪು, ಒಂದು ಕಿತ್ತಳೆ ಬಣ್ಣ. ಇಂಥವನು ನಮಗೇಕೆ ಎಂದುಕೊಂಡವರು ವಾದನ ಕೇಳಿ ಅವರನ್ನೇ ಇಟ್ಟುಕೊಂಡರು. ಅವರಿಗೆ ಸ್ವಲ್ಪ ಮೊದಲು ನುಡಿಸಿ ಆಯ್ಕೆಯಾಗದೆ ಹೋದ ಬಾಬ್ ಕ್ಯುಲಿಕ್ ಎಂಬವರೂ ಒಳ್ಳೆಯ ವಾದಕರೇ. ಮುಂದೆ ಅದೇ ತಂಡದ ಮುದ್ರಿಕೆಗಳಿಗೆ ಅವರು ಗಿಟಾರು ನುಡಿಸಿಕೊಟ್ಟರು. ಅವರ ತಮ್ಮ ಬ್ರೂಸ್ 1984ರಲ್ಲಿ ಆ ತಂಡದಲ್ಲೇ ಗಿಟಾರಿಗೆ ನಿಂತರು. ಒಂದು ದಿನ ಬೇಡವೆಂದದ್ದು ಎಂದೆಂದಿಗೂ ಬೇಡವೆಂದದ್ದಲ್ಲ.

ಇನ್ನೊಂದು ಸಂಗತಿ. ಯಾರ್ಡ್‌ಬರ್ಡ್ಸ್ ತಂಡವನ್ನು ಎರಿಕ್ ಕ್ಲ್ಯಾಪ್ಟನ್ 1965ರ ಮಾರ್ಚಿನಲ್ಲಿ ಬಿಟ್ಟಾಗ ಆ ಜಾಗಕ್ಕೆ ಜಿಮ್ಮಿ ಪೇಜ್ ಅವರಿಗೆ ಕರೆ ಹೋಯಿತು. ಅವರಿಗೆ ಸ್ಟುಡಿಯೋಗಳಲ್ಲಿ ಕೈತುಂಬ ಕೆಲಸವಿತ್ತು. ಬರಲಾರೆನೆಂದು ಹೇಳಿ ಸುಮ್ಮನಾಗಲಿಲ್ಲ. ತಮ್ಮ ಗೆಳೆಯ ಜೆಫ್ ಬೆಕ್ ಅವರ ಹೆಸರನ್ನು ಸೂಚಿಸಿದರು. ಬೆಕ್ ಹೆಸರು ಮಾಡಿದ್ದು ಆ ಜಾಗದಿಂದಲೇ. ಒಬ್ಬ ವಾದಕನನ್ನು ಕುರಿತು ಇನ್ನೊಬ್ಬ ವಾದಕನು ಹೇಳುವ ಒಳ್ಳೆಯ ಮಾತು ಅರ್ಧ ಪರೀಕ್ಷೆಗೆ ಸಮ. ಬಂದವರನ್ನು ಕೇಳಿ: "ಇನ್ನು ಯಾರು ಚೆನ್ನಾಗಿ ನುಡಿಸುತ್ತಾರೆ?" ಎದುರಾಳಿಯ ಹೆಸರನ್ನು ಮನಸಾರೆ ಹೇಳುವವನು ತಂಡದಲ್ಲೂ ಇನ್ನೊಬ್ಬನಿಗೆ ಜಾಗ ಬಿಡುವವನೇ.

ಈಗ ಮುಂದಿನ ಭಾನುವಾರಕ್ಕೆ ನಮ್ಮ ಸೂಚನೆಗಳು.

ಎಲ್ಲರಿಗೂ ಮೂರು ಹಾಡುಗಳ ಹೆಸರನ್ನು ಇವತ್ತೇ ತಿಳಿಸಿ. ಒಂದು ವೇಗದ್ದು, ಒಂದು ನಿಧಾನದ್ದು, ಒಂದು ಎರಡನೆಯ ಗಿಟಾರಿಗೆ ಕೆಲಸವೇ ಕಡಿಮೆಯಿರುವುದು. ಈ ಮೂರನೆಯದರಲ್ಲೇ ಮನುಷ್ಯ ಗೊತ್ತಾಗುವುದು. ಕೆಲಸವಿಲ್ಲದಾಗ ಸುಮ್ಮನಿರಬಲ್ಲನೇ, ಇಲ್ಲವೆ ಸಿಕ್ಕ ಸಂದಿಯಲ್ಲೆಲ್ಲ ಬೆರಳಾಡಿಸುತ್ತಾನೆಯೇ ಎಂದು ನೋಡಿ.

ಎಲ್ಲರಿಗೂ ಒಂದೇ ಹಾಡು, ಒಂದೇ ಆಂಪ್ಲಿಫೈಯರ್, ಒಂದೇ ಅರ್ಧ ಗಂಟೆ. ಗಿಟಾರು ಮಾತ್ರ ಅವನವನದೇ ಇರಲಿ. ಬಂದವನಿಗೆ ಶ್ರುತಿ ಮಾಡಿಕೊಳ್ಳಲು ಐದು ನಿಮಿಷ ಬಿಡಿ. ಆ ಹೊತ್ತಿನಲ್ಲಿ ಯಾರೂ ಮಾತನಾಡಿಸಬೇಡಿ. ತನ್ನ ಶ್ರುತಿಯನ್ನು ಬೇಸ್‌ನವನ ಶ್ರುತಿಗೆ ಹೋಲಿಸಿ ನೋಡುತ್ತಾನೋ ಇಲ್ಲವೋ ಎಂಬುದನ್ನು ಗಮನಿಸಿ.

ಮೊದಲ ಹಾಡನ್ನು ಅವನೊಬ್ಬನೇ ನುಡಿಸಲಿ; ನೀವು ಗೋಡೆಯ ಕಡೆ ತಿರುಗಿ ಕುಳಿತು ಕೇಳಿ. ಹೆಸರು, ಉಡುಪು, ಭಾಷೆ ಯಾವುದೂ ಕಿವಿಗೆ ಅಡ್ಡ ಬಾರದು. ಅಮೆರಿಕೆಯ ದೊಡ್ಡ ವಾದ್ಯಮೇಳಗಳು 1970ರ ದಶಕದಿಂದೀಚೆಗೆ ಪರದೆಯ ಹಿಂದೆ ಕೂರಿಸಿ ವಾದಕರನ್ನು ಪರೀಕ್ಷಿಸುವ ಪದ್ಧತಿ ಬೆಳೆಸಿಕೊಂಡದ್ದು ಇದಕ್ಕಾಗಿಯೇ. ಆದರೆ ಅಲ್ಲಿ ನುಡಿಸಬೇಕಾದ್ದೆಲ್ಲ ಕಾಗದದ ಮೇಲೆ ಬರೆದಿರುತ್ತದೆ. ನಿಮ್ಮ ತಂಡದಲ್ಲಿ ಹಾಗಿಲ್ಲ. ಆದ್ದರಿಂದ ಎರಡನೆಯ ಹಾಡಿಗೆ ಎಲ್ಲರೂ ಮುಖಾಮುಖಿಯಾಗಿ ನಿಂತು ಕೂಡಿ ನುಡಿಸಿ. ಹಾಡುಗಾರ ಬಾಯಿ ತೆರೆದ ಕ್ಷಣ ಹೊಸಬನ ಗಿಟಾರು ತಗ್ಗಬೇಕು. ಕಣ್ಣು ಆಗಾಗ ಡ್ರಮ್ಮಿನ ಕಡೆ ಹೋಗಬೇಕು.

ಮೂರೂ ಮುಗಿದಮೇಲೆ, ಹೇಳದೆ ಕೇಳದೆ, ಬ್ಲೂಸಿನ ಆ ಹಳೆಯ ಚೌಕಟ್ಟನ್ನು ಎತ್ತಿಕೊಳ್ಳಿ: ನಾಲ್ಕು ನಾಲ್ಕು ಎಣಿಕೆಯ ಹನ್ನೆರಡು ತುಂಡು, ಅದರೊಳಗೆ ಮೂರೇ ಕಾರ್ಡುಗಳ ಓಡಾಟ. ಗಿಟಾರು ಹಿಡಿದವನಿಗೆ ಇದು ಅಕ್ಷರಮಾಲೆ ಇದ್ದಂತೆ. ಎರಡು ಸುತ್ತು ಅವನು ಮುಂದೆ ನುಡಿಸಲಿ, ನೀವು ಹಿಂದೆ. ಮತ್ತೆರಡು ಸುತ್ತು ನೀವು ಮುಂದೆ, ಅವನು ಹಿಂದೆ. ಮುಂದೆ ಬಂದಾಗ ಅವನು ಎಷ್ಟು ಮಿಂಚಿದ ಎನ್ನುವುದಕ್ಕಿಂತ, ಅವನು ಹಿಂದೆ ಇದ್ದಾಗ ನೀವು ಎಷ್ಟು ಚೆನ್ನಾಗಿ ನುಡಿಸಿದಿರಿ ಎಂಬುದನ್ನು ಬರೆದಿಟ್ಟುಕೊಳ್ಳಿ. ನಿಮ್ಮ ಪ್ರಶ್ನೆಗೆ ಉತ್ತರ ಅದರಲ್ಲೇ ಇದೆ. ಯಾರು ಬಂದು ನಿಂತರೆ ಉಳಿದ ನಾಲ್ವರ ಕೈ ತಾನಾಗಿ ಚುರುಕಾಗುವುದೋ ಅವನೇ ಐದನೆಯವನು.

ಆಮೇಲೆ ಚಹಾ ಕುಡಿಯುತ್ತ ಮಾತನಾಡಿ. ಯಾವ ಪಾಳಿ, ಯಾವ ವಾರ ರಜ, ಕೋಣೆಯಲ್ಲಿ ಎಷ್ಟು ಜನ, ರಾತ್ರಿ ಅಭ್ಯಾಸಕ್ಕೆ ಅನುಕೂಲವುಂಟೇ ಎಂಬುದನ್ನೆಲ್ಲ ಕೇಳಿ. ಇದು ಸಣ್ಣತನವಲ್ಲ. ಬುಧವಾರ ಬರಲಾಗದವನನ್ನು ಆರಿಸಿ, ಬುಧವಾರವೇ ಅಭ್ಯಾಸವಿಟ್ಟು, ಆಮೇಲೆ ಅವನನ್ನು ದೂರುವುದು ಸಣ್ಣತನ.

ಕರಾರನ್ನು ಮೊದಲೇ ಬಾಯಿಬಿಟ್ಟು ಹೇಳಿ. ರಾನಿ ವುಡ್ ಅವರು 1975ರ ಜೂನ್ 1ರಂದು, ತಮ್ಮ ಇಪ್ಪತ್ತೆಂಟನೆಯ ಹುಟ್ಟುಹಬ್ಬದ ದಿನ, ಪ್ರವಾಸದ ಮೊದಲ ಕಛೇರಿಗೆ ನಿಂತಾಗ ಇನ್ನೂ ಬೇರೆ ತಂಡದವರೇ, ಕಡವಾಗಿ ಬಂದವರು. ಹಳೆಯ ತಂಡ ಆ ವರ್ಷದ ಕೊನೆಗೆ ಮುರಿಯಿತು, 1976ರಲ್ಲಿ ಇವರು ಸ್ಟೋನ್ಸ್ ತಂಡದವರೇ ಆದರು. ಆದರೂ ಲಾಭದಲ್ಲಿ ಪಾಲಿಲ್ಲದೆ, 1990ರ ದಶಕದ ಆರಂಭದವರೆಗೆ ಸಂಬಳದ ಮೇಲೇ ಇದ್ದರು. ಖಾಯಂ ಆಗದ ನೌಕರಿಯ ಕಷ್ಟ ತಿಳಿದವರು ಈ ಸಭೆಯಲ್ಲಿ ಬಹಳ ಮಂದಿ. ನಿಮಗೆ ಬರುವ ಹಣ ಪ್ರಯಾಣದ ಖರ್ಚಿಗೂ ಸಾಲದಿರಬಹುದು. ಆದರೂ ಐದು ಪಾಲಾಗಲಿ. ಮೂರು ತಿಂಗಳು ನೋಡುತ್ತೇವೆಂದರೆ ಮೂರೇ ತಿಂಗಳು ನೋಡಿ, ನಾಲ್ಕನೆಯ ತಿಂಗಳ ಮೊದಲ ದಿನ ಹೌದೋ ಅಲ್ಲವೋ ಹೇಳಿಬಿಡಿ.

ಕಡೆಯದಾಗಿ, ಆಯ್ಕೆಯಾಗದ ನಾಲ್ವರ ಮಾತು. ಒಬ್ಬನು ಕಲ್ಯಾಣದಿಂದ, ಇನ್ನೊಬ್ಬನು ವಿರಾರದಿಂದ, ವಾರಕ್ಕೊಂದೇ ರಜದ ದಿನವನ್ನು ನಿಮಗೆ ಕೊಟ್ಟು, ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಗಿಟಾರನ್ನು ಮಗುವಿನಂತೆ ಎದೆಗವಚಿಕೊಂಡು ಬರುತ್ತಾನೆ. ಆಮೇಲೆ ತಿಳಿಸುತ್ತೇವೆ ಎಂದು ಹೇಳಿ ತಿಳಿಸದೆ ಇರುವುದನ್ನು ನಮಗೆ ಈ ನಗರ ಬೇಕಾದಷ್ಟು ಸಲ ಮಾಡಿದೆ. ನಾವು ಅದನ್ನು ಇನ್ನೊಬ್ಬರಿಗೆ ಮಾಡುವುದು ಬೇಡ. ಮೂರು ದಿನದೊಳಗೆ ನಾಲ್ವರಿಗೂ ಮಾತು ಮುಟ್ಟಿಸಿ. ಅವರ ವಾದನದಲ್ಲಿ ನಿಮಗೆ ಹಿಡಿಸಿದ ಒಂದು ಸಂಗತಿಯನ್ನು ನಿಜವಾಗಿ ಹೆಸರಿಸಿ ಹೇಳಿ. ಬೇರೆ ಯಾವುದಾದರೂ ತಂಡಕ್ಕೆ ಜನ ಬೇಕೆಂದು ಗೊತ್ತಿದ್ದರೆ, ಜಿಮ್ಮಿ ಪೇಜ್ ಮಾಡಿದಂತೆ, ಅಲ್ಲಿಗೆ ಹೆಸರು ಹೇಳಿ. ಜೆಫ್ ಬೆಕ್ ಸ್ಟೋನ್ಸ್ ತಂಡಕ್ಕೆ ಸೇರದೆ ಸಣ್ಣವರಾಗಲಿಲ್ಲ. ಗ್ಯಾಲಹರ್ ಅವರೂ ಆಗಲಿಲ್ಲ. ಆ ಜಾಗ ಅವರ ಅಳತೆಯದಾಗಿರಲಿಲ್ಲ, ಅಷ್ಟೆ. ಇದನ್ನು ಆ ಹುಡುಗರಿಗೆ ಅರ್ಥವಾಗುವಂತೆ ಹೇಳುವುದೂ ಪರೀಕ್ಷೆ ಮಾಡುವವರ ಕೆಲಸ.

ಐದನೆಯವನು ಯಾರೇ ಆಗಲಿ, ಯಾವ ಭಾಷೆಯವನೇ ಆಗಲಿ, ಅವನನ್ನು ಈ ವಾಚನಾಲಯಕ್ಕೂ ಕರೆತನ್ನಿ. ಕನ್ನಡದ ಅಕ್ಷರ ತೋರಿಸಿಕೊಡಲು ಇಲ್ಲಿ ಮೇಜೂ ಇದೆ, ಪುಸ್ತಕವೂ ಇದೆ, ಬಿಡುವುಳ್ಳ ಹಿರಿಯರೂ ಇದ್ದಾರೆ.